ಹಲ್ಲಿ ನುಡಿದ ಪೆಟ್ಟಿಗೆ

ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ಹುಬ್ಬಳ್ಳಿಯ ಆ ಕಂಪ್ಯೂಟರ್ ಅಂಗಡಿಯಲ್ಲೂ ಸುಮ್ಮನೆ ಕೂಡಲಿಲ್ಲ. "ಡಾಕ್ಟ್ರ, ಯಾರೋ ಬಳಸಿ ಬಿಟ್ಟದ್ದು ನಮಗ ಬ್ಯಾಡ್ರಿ. ಅಗ್ಗ ಅಂತ ಮುಗ್ಗಲ ಜ್ವಾಳ ತಂದಂಗ ಆಕ್ಕೈತಿ" ಎಂದು ಅಂಗಡಿಯವನ ಎದುರಿಗೇ ಅಂದೆ. ಅವನು ನಕ್ಕ. ಡಾಕ್ಟರು ನಗಲಿಲ್ಲ. ಮೇಜಿನ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯ ಮೇಲೆ ಅಂಗೈ ಊರಿ, ರೋಗಿಯ ಹೊಟ್ಟೆ ಮುಟ್ಟಿ ನೋಡುವಂತೆ ನೋಡುತ್ತ ನಿಂತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾನಗಲ್ಲಿನಲ್ಲಿ ಆ ಡಾಕ್ಟರು ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ನಾನು ರಕ್ತ ತಪಾಸಣೆ ಮಾಡುವವಳು. ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಬ್ಬ ಬಾಣಂತಿ ರಕ್ತ ಸಿಗದೆ ನಮ್ಮ ಕಣ್ಣೆದುರು ಹೋಗಿಬಿಟ್ಟಳು. ಆಗ ನಮ್ಮ ಕಡೆ ರಕ್ತ ಕೂಡಿಡುವ ವ್ಯವಸ್ಥೆಯೇ ಇರಲಿಲ್ಲ. ರೋಗಿಯದೇ ಗುಂಪಿನ ಮನುಷ್ಯನನ್ನು ಕರೆತಂದು, ಅವನ ತೋಳಿನಿಂದ ಬಾಟಲಿಗೆ ತೆಗೆದು, ಬಿಸಿ ಆರುವ ಮೊದಲೇ ರೋಗಿಗೆ ಏರಿಸುತ್ತಿದ್ದೆವು. ಬೇರೆ ಗುಂಪಿನದನ್ನು ಡಾಕ್ಟರು ಮುಟ್ಟುತ್ತಿರಲಿಲ್ಲ. ಮನುಷ್ಯ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂದಿನಿಂದ ಡಾಕ್ಟರಿಗೆ ಒಂದು ಹಟ ಹತ್ತಿತು. ನೆಗಡಿ ಅಂತ ಬಂದರೂ ಸರಿ, ತುರಿಕೆ ಅಂತ ಬಂದರೂ ಸರಿ, ಬಂದವರ ಬೆರಳು ಚುಚ್ಚಿ ರಕ್ತದ ಗುಂಪು ನೋಡಬೇಕು. ಒಂದು ಕಾರ್ಡಿನ ಮೇಲೆ ಹೆಸರು, ಊರು, ಗುಂಪು ಬರೆಯಬೇಕು. "ಕರದರ ಬರ್ತೀರೇನ್ರಿ?" ಎಂದು ಕೇಳಬೇಕು. ಬರುತ್ತೇನೆ ಅಂದವರ ಕಾರ್ಡಿಗೆ ಒಂದು ಗೀಟು. ಸವಣೂರು, ಹಿರೇಕೆರೂರು, ಹಂಸಭಾವಿ ಎಂದು ಸಾಲಿಗಳಿಗೆ ಹೋಗಿ ಮಾಸ್ತರರ, ಊರವರ ಬೆರಳು ಚುಚ್ಚಿ ಬಂದೆವು. ಹತ್ತು ವರ್ಷ ದಾಟುವಷ್ಟರಲ್ಲಿ ನನ್ನ ಕೋಣೆಯ ಗೋಡೆಯ ಮಾಡಗಳ ತುಂಬ ಬೂಟಿನ ಡಬ್ಬಿಗಳು, ಡಬ್ಬಿಗಳ ತುಂಬ ಕಾರ್ಡು. ಬರೆದ ದಿನದ ಪ್ರಕಾರ ಜೋಡಿಸಿದ್ದೆನೇ ಹೊರತು ಗುಂಪಿನ ಪ್ರಕಾರವಲ್ಲ. ಒಬ್ಬನನ್ನು ಹುಡುಕಬೇಕೆಂದರೆ ಅರ್ಧ ದಿನ ಹೋಗುತ್ತಿತ್ತು.

ಡಾಕ್ಟರ ಅಣ್ಣನ ಮಗ ಪುಣೆಯಿಂದ ತನ್ನ ಹಳೆಯ ಕಂಪ್ಯೂಟರ್ ತಂದುಕೊಟ್ಟದ್ದು ಆಗಲೇ. ಅದರ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಎಲ್ಲವನ್ನೂ ಫ್ಲಾಪಿಗಳ ಮೇಲೆ ಇಡಬೇಕು, ಒಂದು ತೆಗೆದು ಇನ್ನೊಂದು ಹಾಕುತ್ತ ಕೂಡಬೇಕು. ಹಾನಗಲ್ಲಿನ ಮಳೆಗಾಲದಲ್ಲಿ ಆ ಫ್ಲಾಪಿಗಳಿಗೆ ಬೂಸ್ಟು ಹಿಡಿಯಿತು. ಅದಕ್ಕೇ ಹಾರ್ಡ್ ಡಿಸ್ಕ್ ಬೇಕೆಂದು ಹುಬ್ಬಳ್ಳಿಗೆ ಬಂದಿದ್ದೆವು.

ಅಂಗಡಿಯವನ ಹತ್ತಿರ ಎರಡು ಇದ್ದವು. ಒಂದು ಹೊಸದು, ಕಂಪ್ಯೂಟರಿನ ಒಳಗೇ ಕೂಡುವಂಥದು. ಇನ್ನೊಂದು ಯಾವುದೋ ಗಿರಣಿಯ ಕಚೇರಿ ಮುಚ್ಚಿದಾಗ ಬಂದದ್ದು. ಹೊರಗೆ ಪ್ರತ್ಯೇಕ ಪೆಟ್ಟಿಗೆ, ಅದಕ್ಕೆ ಅದರದೇ ಸ್ವಿಚ್ಚು, ಅದರದೇ ಫ್ಯಾನು, ಹಿಂದಿನಿಂದ ಪಟ್ಟಿಯಂಥ ಅಗಲ ವಾಯರು. ಡಾಕ್ಟರು ಹೊರಗಿನದನ್ನೇ ಆರಿಸಿದರು. "ಕಂಪ್ಯೂಟರ್ ನನ್ನದಲ್ಲ, ನಾಳೆ ಹುಡುಗ ಕೇಳಿದರ ಕೊಡಬೇಕು. ಹೆಸರು ಮಾತ್ರ ನಮ್ಮ ಕಡೇನ ಇರಬೇಕು" ಅಂದರು. ಮಾತು ಸರಿಯಾಗಿಯೇ ಇತ್ತು. ಆದರೂ ನನಗೆ ಆ ಪೆಟ್ಟಿಗೆಯ ಮೋರೆ ಸೇರಲಿಲ್ಲ.

ಅಂಗಡಿಯವನು ತಿಳಿಸಿ ಹೇಳಿದ. "ಒಳಗ ಗ್ರಾಮಫೋನ್ ತಟ್ಟಿ ಇದ್ದಂಗ ಇರ್ತದ್ರಿ, ಮ್ಯಾಲೆ ಸೂಜಿ. ಫರಕ್ ಏನಂದ್ರ, ಈ ಸೂಜಿ ತಟ್ಟಿಗೆ ಮುಟ್ಟಬಾರದು. ಮುಟ್ಟಿತೋ, ಮುಗೀತು."

"ಮುಗೀತು ಅಂದ್ರ?" ಎಂದೆ ನಾನು.

"ಇದ್ದದ್ದೆಲ್ಲಾ ಹೋಕ್ಕೈತ್ರಿ ಬಾಯಾರ."

ಮೊದಲು ಪೆಟ್ಟಿಗೆಯ ಸ್ವಿಚ್ಚು ಹಾಕಬೇಕು, ಅದರ ಸದ್ದು ಒಂದೇ ಸಮ ಆದ ಮೇಲೆ ಕಂಪ್ಯೂಟರ್ ಹಚ್ಚಬೇಕು. ಆರಿಸುವ ಮೊದಲು ಒಂದು ಆಜ್ಞೆ ಟೈಪು ಮಾಡಿದರೆ ಸೂಜಿ ಪಕ್ಕಕ್ಕೆ ಸರಿದು ಕೂಡುತ್ತದೆ. ಕೂಡದೆ ಅಲುಗಿಸಬಾರದು. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು, ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ರಸ್ತೆಯ ಒಂದೊಂದು ತಗ್ಗಿಗೂ ಅದನ್ನು ಎತ್ತಿ ಹಿಡಿಯುತ್ತಿದ್ದೆ.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸುವಾಗ ನನ್ನ ತಂಗಿಯ ಮನೆಗೆ ಹೋದೆವು. ಅವಳನ್ನು ಅಲ್ಲಿಯ ಕಾಳಿನ ವ್ಯಾಪಾರದ ಮನೆಗೆ ಕೊಟ್ಟಿತ್ತು. ಮೊದಲ ಹೆರಿಗೆಯಲ್ಲಿ ಕೂಸೂ ಉಳಿದಿರಲಿಲ್ಲ, ಅವಳಿಗೆ ರಕ್ತಸ್ರಾವವಾಗಿ ಜೀವವೂ ಹೋಗಿ ಬಂದಂತಾಗಿತ್ತು. ಅವಳದು ಬಿ ನೆಗೆಟಿವ್, ನೂರು ಮಂದಿಯಲ್ಲಿ ಹುಡುಕಿದರೆ ಒಬ್ಬಿಬ್ಬರಲ್ಲಿ ಸಿಗುವ ರಕ್ತ. ನಮ್ಮ ಮನೆಯಲ್ಲಿ ಬೇರೆ ಯಾರದೂ ಅದಲ್ಲ. ಅವತ್ತು ಚಾ ಕೊಡುತ್ತ ತಲೆ ತಗ್ಗಿಸಿ, "ಅಕ್ಕಾ, ಮತ್ತ ನಿಂತೈತಿ" ಅಂದಳು. ನನಗೆ ಸಂತೋಷವಾಗಲಿಲ್ಲ. ಹೆದರಿಕೆಯಾಯಿತು. ಡಾಕ್ಟರು ಮಾತ್ರ ಪೆಟ್ಟಿಗೆ ತೋರಿಸಿ, "ಕಾಳಜಿ ಮಾಡಬ್ಯಾಡವಾ. ನಿನ್ನ ರಕ್ತದವರನ್ನೆಲ್ಲಾ ಇದರಾಗ ಕುಂದ್ರಸ್ತೇವಿ. ಒಂದು ಗುಂಡಿ ಒತ್ತಿದರ ಊರು ಸಹಿತ ಹೇಳ್ತದ" ಅಂದರು. ತಂಗಿ ಆ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು.

ಹಾನಗಲ್ಲಿಗೆ ತಂದು ನನ್ನ ಕೋಣೆಯ ಮೇಜಿನ ಮೇಲೆ ಇಟ್ಟೆವು. ಮೇಜು ಅಲುಗಬಾರದೆಂದು ಕಾಲುಗಳ ಕೆಳಗೆ ಸೈಕಲ್ ಟಾಯರಿನ ತುಂಡು ಕೊಟ್ಟೆವು. ಡಿಸ್ಕನ್ನು ಬರವಣಿಗೆಗೆ ಅಣಿ ಮಾಡುವುದೇ ಒಂದು ಮಧ್ಯಾಹ್ನದ ಕೆಲಸ. ನಡುವೆ ಕರೆಂಟು ಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಆಮೇಲೆ ಒಂದೊಂದೇ ಡಬ್ಬಿ ಇಳಿಸಿ ಕಾರ್ಡುಗಳನ್ನು ಟೈಪು ಮಾಡತೊಡಗಿದೆ. ಕಣ್ಣು ಉರಿಯುತ್ತಿದ್ದವು, ಬೆನ್ನು ಸೆಳೆಯುತ್ತಿತ್ತು. ಬಿ ನೆಗೆಟಿವ್ ಒಬ್ಬರು ಸಿಕ್ಕಾಗ ಮಾತ್ರ ಹಬ್ಬದ ಹೋಳಿಗೆ ತಿಂದಂತಾಗುತ್ತಿತ್ತು.

ಎಲ್ಲ ಕಾರ್ಡೂ ಒಳಗೆ ಹೋದವು. ಡಾಕ್ಟರು ಎದುರಿಗೆ ಕುಂತು, "ತಗಿ ನೋಡೋಣು" ಅಂದರು. ಗುಂಡಿ ಒತ್ತಿದೆ. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೆ ಒಂದು ಬಂದು ನಿಂತವು. ಡಾಕ್ಟರ ಕಣ್ಣಲ್ಲಿ ನೀರು ಬಂತು. ಪ್ರಿಂಟರ್ ಇನ್ನೂ ಕೊಂಡಿರಲಿಲ್ಲ. ಅದರ ಅವಶ್ಯಕತೆಯಾಗಲಿ, ಆ ಹೆಸರುಗಳನ್ನು ಕೈಯಿಂದ ಬರೆದಿಡುವ ಅವಶ್ಯಕತೆಯಾಗಲಿ ಅವತ್ತು ಯಾರಿಗೂ ಕಾಣಲಿಲ್ಲ.

ತಂಗಿ ಏಳನೇ ತಿಂಗಳಲ್ಲಿ ತವರಿಗೆ ಬಂದಳು. ಅವ್ವ ದಿನಾ ನನಗೆ ಬುತ್ತಿ ತರುವ ನೆಪದಲ್ಲಿ ದವಾಖಾನೆಗೆ ಬಂದು ಕೂಡುತ್ತಿದ್ದಳು. ಒಂದು ದಿನ ನನ್ನ ಕೋಣೆಯ ಬಾಗಿಲಲ್ಲಿ ಕುಂತು ಕಂಪೌಂಡರ್ ಕಾಕಾನ ಮುಂದೆ, "ಈ ಸಲ ನನ್ನ ಮಗಳು ಕೂಸು ಎತ್ತಿಕೊಂಡ ಮನೀಗೆ ಬರ್ತಾಳ" ಅಂದಳು. ಅದೇ ಹೊತ್ತಿಗೆ ಪೆಟ್ಟಿಗೆಯಿಂದ ಒಂದು ಸದ್ದು ಬಂತು. ಟಕ್, ಟಕ್, ಟಕ್.

ಕಂಪೌಂಡರ್ ಕಾಕಾ ತಟ್ಟನೆ ಬೆರಳಿನಿಂದ ಮೇಜು ಬಡಿದು, "ಖರೇ, ಖರೇ. ಹಲ್ಲಿ ನುಡೀತ ನೋಡವಾ" ಅಂದ. ನಮ್ಮ ಕಡೆ ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಯಿತೆಂದೇ ಲೆಕ್ಕ. ಅವ್ವನೂ ನೆಲ ಬಡಿದು ಬೆರಳು ಕಣ್ಣಿಗೆ ಒತ್ತಿಕೊಂಡಳು.

"ಎಲ್ಲೈತಿ ಹಲ್ಲಿ? ಮಶಿನ್ ಸಪ್ಪಳ ಅದು" ಎಂದು ನಾನು ರೇಗಿದೆ.

"ಒಳಗ ಹೊಕ್ಕಿರಬೇಕು" ಅಂದ ಕಾಕಾ.

"ಹೊಕ್ಕಿದ್ದರ ಫ್ಯಾನಿಗೆ ಸಿಕ್ಕು ಸತ್ತಿರ್ತಿತ್ತು."

"ನುಡಿಯೋದು ಯಾವುದರ ಆಗವಲ್ಲದ್ಯಾಕ, ನುಡಿ ನುಡೀನ" ಅಂದುಬಿಟ್ಟಳು ಅವ್ವ. ಅವಳ ಮುಂದೆ ವಾದ ಮಾಡುವುದೂ ಒಂದೇ, ಕೋಣದ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಅವತ್ತಿನಿಂದ ಸದ್ದು ನಡುನಡುವೆ ಬರುತ್ತಲೇ ಇತ್ತು. ಒಮ್ಮೆ ಬಂದರೆ ಎರಡು ದಿನ ಇಲ್ಲ, ಮತ್ತೆ ಒಂದೇ ಮುಂಜಾನೆ ನಾಕಾರು ಸಲ. ಔಷಧಿಗೆ ಕುಂತ ಹೆಂಗಸರು ನನ್ನ ಕೋಣೆಯ ಬಾಗಿಲಿಗೆ ಸರಿದು ಕೂಡತೊಡಗಿದರು. ಮಗನಿಗೆ ನೌಕರಿ ಸಿಗ್ತದ ಅನ್ನುವವರು, ಗಂಡ ಕುಡಿಯುವುದು ಬಿಡ್ತಾನ ಅನ್ನುವವರು, ಅಂದು ಕಿವಿ ಕೊಟ್ಟು ಕಾಯುವವರು. ಬೈದು ಕಳಿಸುತ್ತಿದ್ದೆ. ಮತ್ತೆ ಬರುತ್ತಿದ್ದರು.

ನನಗೆ ಆ ಸದ್ದು ಬೇಡವಾಗಿತ್ತು. ಆದರೆ ಅದು ಕೆಟ್ಟ ಸದ್ದೋ, ಅದರ ಸ್ವಭಾವವೋ ಹೇಗೆ ತಿಳಿಯಬೇಕು? ಹೋಲಿಸಿ ನೋಡಲು ಇನ್ನೊಂದು ಡಿಸ್ಕು ನಾನು ಕಂಡ ಯಾವ ಊರಲ್ಲೂ ಇರಲಿಲ್ಲ. ಡಾಕ್ಟರು ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಾಕಿದರು. "ಸಪ್ಪಳ ಕೇಳಸ್ರಿ" ಅಂದನಂತೆ ಅಂಗಡಿಯವನು. ನಾನು ಫೋನಿನ ರಿಸೀವರನ್ನು ವಾಯರು ಎಷ್ಟು ಬರುತ್ತದೋ ಅಷ್ಟು ಎಳೆದು ಬಾಗಿಲವರೆಗೂ ಹಿಡಿದು ನಿಂತೆ. ಪೆಟ್ಟಿಗೆ ಅವತ್ತು ಮೌನವ್ರತ ಹಿಡಿದಿತ್ತು. ಫೋನಿನಲ್ಲಿ ಬರೀ ಕರಕರ. "ಏನೂ ಆಗಿಲ್ರಿ, ಹಳೇ ಮಾಲು, ಸ್ವಲ್ಪ ಮಾತಾಡ್ತೈತಿ. ಬಂದಾಗ ನೋಡ್ತೇನಿ" ಅಂದು ಅವನು ಇಟ್ಟುಬಿಟ್ಟ. ಸ್ವಲ್ಪ ಮಾತಾಡ್ತೈತಿ ಅನ್ನುವುದನ್ನು ಕಂಪೌಂಡರ್ ಕಾಕಾ ಊರೆಲ್ಲ ಹೇಳಿಕೊಂಡು ಬಂದ.

ಒಂಬತ್ತು ತಿಂಗಳು ಬಿದ್ದ ಕೂಡಲೇ ತಂಗಿಯನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸುವುದೆಂದು ಮೊದಲು ಮಾತಾಗಿತ್ತು. ಆ ದಿನ ಬಂತು. ಅವ್ವ ಬುತ್ತಿಗಂಟು ಕೆಳಗಿಟ್ಟು ಪೆಟ್ಟಿಗೆಯ ಎದುರಿಗೆ ನೆಟ್ಟಗೆ ಕುಂತಳು. "ನನ್ನ ಮಗಳು ಇಲ್ಲೇ ಹಡೀತಾಳ" ಅಂದಳು. ಸ್ವಲ್ಪ ಹೊತ್ತು ಏನೂ ಇಲ್ಲ. ನಾನು ಉಸಿರು ಬಿಟ್ಟೆ. ಆಮೇಲೆ ಟಕ್, ಟಕ್, ಟಕ್.

"ಮುಗೀತು. ಹುಬ್ಬಳ್ಳಿ ಬ್ಯಾಡ" ಅಂದಳು ಅವ್ವ.

ನಾನು ಡಾಕ್ಟರ ಕಡೆ ಓಡಿದೆ. ಅವರು ನನ್ನ ಪರ ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಒರೆಸುತ್ತ, "ಹುಬ್ಬಳ್ಳಿಯೊಳಗರ ಬಿ ನೆಗೆಟಿವ್ ಗಿಡಕ್ಕ ಬೆಳೀತದೇನು? ಅಲ್ಲಿಯವರಿಗೆ ಯಾರ ಗುರುತು ಐತಿ? ನಮ್ಮ ಹಂತೇಕ ಹೆಸರು ಅದಾವು, ಜೀಪ್ ಐತಿ" ಅಂದರು. ಅವ್ವನಿಗೆ ಪೆಟ್ಟಿಗೆಯ ಸದ್ದಿನ ಮೇಲೆ ನಂಬಿಕೆ, ಡಾಕ್ಟರಿಗೆ ಪೆಟ್ಟಿಗೆಯ ಒಳಗಿನ ಹೆಸರುಗಳ ಮೇಲೆ. ಇಬ್ಬರೂ ನನಗಿಂತ ಅದನ್ನೇ ಹೆಚ್ಚು ನಂಬಿದರು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಹಂಗಾದರ ಆ ಮಂದೀನ ಮುಂಚೇನ ಕರಸ್ರಿ. ದಿನ ತುಂಬೋತನಕ ಒಂದಿಬ್ಬರು ಇಲ್ಲೇ ಉಳೀಲಿ" ಎಂದೆ. ಅದಕ್ಕೆ ಅವ್ವ ನನ್ನನ್ನು ತಿಂದೇಬಿಟ್ಟಳು. ಹುಟ್ಟುವ ಮೊದಲು ಕೂಸಿಗೆ ಕುಂಚಿಗಿ ಹೊಲಿಯುವುದಿಲ್ಲ, ತೊಟ್ಟಿಲು ಇಳಿಸುವುದಿಲ್ಲ, ನೀನು ರಕ್ತ ಕೊಡುವವರನ್ನು ತಂದು ಬಾಗಿಲಲ್ಲಿ ಕೂಡಿಸುತ್ತೀ? ಯಮನಿಗೆ ವೀಳ್ಯ ಕೊಡಾಕತ್ತೀಯೇನ? ಹೀಗೆಲ್ಲ ಅಂದಳು. ತಂಗಿ ಅಲ್ಲೇ ಇದ್ದಳು. "ಬಿಡ ಅಕ್ಕಾ, ಅವ್ವ ಅಂದಂಗ ಆಗಲಿ" ಅಂದಳು. ಅವಳ ಮುಖದ ಮೇಲೆ ಎಷ್ಟೋ ತಿಂಗಳ ಮೇಲೆ ಧೈರ್ಯ ಕಂಡಿತ್ತು. ಅದನ್ನು ಕೆಡಿಸಲು ನನಗೂ ಬಾಯಿ ಬರಲಿಲ್ಲ.

ಒಂದು ಶನಿವಾರ ಸಂಜೆ, ಎಲ್ಲವನ್ನೂ ಹೊಸ ಫ್ಲಾಪಿಗಳಿಗೆ ನಕಲು ಮಾಡಿಕೊಳ್ಳೋಣ ಎಂದು ಕುಂತೆ. ಎ ಗುಂಪು ಬಂತು. ಬಿ ಶುರುವಾಯಿತು. ಒಂದು ಕಡೆ ಬಂದು ನಿಂತುಬಿಟ್ಟಿತು. ಟಕ್, ಟಕ್, ಟಕ್, ಟಕ್. ಮತ್ತೆ ಹಚ್ಚಿದೆ, ಮತ್ತೆ ಅದೇ ಜಾಗಕ್ಕೆ ನಿಂತಿತು. ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಅವರ ಮುಖ ಅವತ್ತು ಮೊದಲ ಸಲ ಸಣ್ಣದಾಯಿತು. "ಆರಿಸಿಬಿಡು. ಮುಟ್ಟಬ್ಯಾಡ. ಸೋಮವಾರ ಮುಂಜಾನೆ ಫೋನ್ ಹಚ್ಚಿ ಅವನನ್ನ ಎಳಕೊಂಡ ಬರೋಣು. ಅವತ್ತಿನಿಂದಲೇ ಕಾರ್ಡೂ ಗುಂಪು ಮಾಡೋಣು" ಅಂದರು. ದಿನ ತುಂಬಲು ಇನ್ನೂ ಹೊತ್ತಿತ್ತು.

ಭಾನುವಾರ ಮುಂಜಾನೆ ತಂಗಿಗೆ ನೋವು ಬಂತು, ದವಾಖಾನೆಗೆ ಕರೆತಂದೆವು. ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ಅಳುವುದನ್ನು ಕೇಳಿ ಅವ್ವ ಹೊರಗೆ ನಿಂತೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಡಾಕ್ಟರು ಹೊರಗೆ ಬಂದು ನನ್ನನ್ನು ಮಾತ್ರ ನೋಡಿದರು. "ರಕ್ತ ನಿಲ್ಲವಲ್ದು. ಹೆಸರಿನ ಪಟ್ಟಿ ತಗಿ" ಅಂದರು.

ಪೆಟ್ಟಿಗೆಯ ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು, ತಟ್ಟೆ ತಿರುಗುವ ಸದ್ದು ಏರಿತು, ಒಂದೇ ಸಮ ಆಗುವ ಬದಲು ಬಡಿಯತೊಡಗಿತು. ಟಕ್, ಟಕ್, ಟಕ್, ಟಕ್, ನಿಲ್ಲದೆ. ಪರದೆಯ ಮೇಲೆ ಡಿಸ್ಕೇ ಇಲ್ಲ ಎಂಬ ಸಾಲು. ಆರಿಸಿದೆ, ಹಚ್ಚಿದೆ. ಮತ್ತೆ ಅದೇ.

ಕಂಪೌಂಡರ್ ಕಾಕಾನ ಬೆರಳು ರೂಢಿಯ ಮೇಲೆ ಮೇಜು ಬಡಿಯಿತು. "ಕೈ ಮುರದೇನ" ಎಂದು ಕಿರುಚಿದೆ. ಅವನು ಹಿಂದೆ ಸರಿದ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಷ್ಟು ಸದ್ದು ಒಮ್ಮೆಲೇ ಅವಳು ಎಂದೂ ಕೇಳಿರಲಿಲ್ಲ. ಎರಡೂ ಕೈ ಮುಗಿದು, "ನುಡಿಯಾಕತ್ತೈತಿ, ನುಡಿಯಾಕತ್ತೈತಿ. ನನ್ನ ಮಗಳು ಉಳೀತಾಳ" ಅನ್ನುತ್ತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷ. ನನಗೆ ಅವಳಿಗೆ ಹೇಳಲಾಗಲಿಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ. ಡಬ್ಬಿಗಳನ್ನೆಲ್ಲ ತಂದು ಹೊರಗಿನ ಪಡಸಾಲೆಯಲ್ಲಿ ಸುರಿದೆ. ಅಲ್ಲಿದ್ದ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ಒಂದು ಚೀಟಿಯ ಮೇಲೆ ಬಿ ಅಕ್ಷರ, ಪಕ್ಕಕ್ಕೆ ಅಡ್ಡಗೀಟು ಬರೆದು ತೋರಿಸಿ, "ಇಂಥದು ಎಲ್ಲಿ ಕಂಡರೂ ನನಗ ಕೊಡ್ರಿ" ಅಂದೆ. ಜೋಳದಲ್ಲಿ ಹಳ್ಳು ಆರಿಸುವವರ ಕೈ ಅವು, ಸರಸರ ನಡೆದವು. ನನಗೆ ನೆನಪಿದ್ದ ಇಬ್ಬರಲ್ಲಿ ಒಬ್ಬರು ಸಾಲಿ ಮಾಸ್ತರರು, ವರ್ಗವಾಗಿ ಹೋಗಿದ್ದರು. ಇನ್ನೊಬ್ಬ ಶಿಗ್ಗಾಂವಿಯ ಬಸ್ ಕಂಡಕ್ಟರ್. ಫೋನು ಹಚ್ಚಿದರೆ, ಪುಣೆಯ ಗಾಡಿ ಹತ್ತಿ ಹೋಗ್ಯಾನ ಅಂದರು.

ಒಂದು ಕಾರ್ಡು ಬಂತು, ಬರುತ್ತೇನೆ ಅಂದ ಗೀಟು ಇರಲಿಲ್ಲ. ಇನ್ನೊಂದು ಬಂತು, ಸವಣೂರಿನ ಮುದುಕರದು, ತೀರಿಕೊಂಡದ್ದು ನನಗೆ ಗೊತ್ತಿತ್ತು. ಮೂರನೆಯದು ಮಾಸೂರಿನದು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುವವನು, ಕರೆದರೆ ಬರುತ್ತೇನೆ ಎಂಬ ಗೀಟಿತ್ತು. ಜೀಪು ಹೊರಟಿತು. ಹಾನಗಲ್ಲಿನಿಂದ ಹಿರೇಕೆರೂರು ದಾಟಿ ಮಾಸೂರು, ಅಲ್ಲಿಂದ ಹೊಲ ಹುಡುಕಿ, ಮತ್ತೆ ಅಷ್ಟೇ ದಾರಿ ತಿರುಗಿ.

ಒಳಗೆ ಹೋದೆ. ಸಲಾಯಿನ್ ಬಾಟಲಿ ಇಳಿಯುತ್ತಿತ್ತು. ತಂಗಿಯ ತುಟಿ ಬೆಳ್ಳಗಾಗಿತ್ತು.

"ಹೆಸರು ಬಂತೇನ ಅಕ್ಕಾ?"

"ಬಂತು. ಹೊಂಟಾರ."

"ಪೆಟಗೀನ ಹೇಳ್ತಲ್ಲ?"

"ಹೂಂ" ಅಂದೆ. ಅವಳ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಕೂಸನ್ನು ತೋರಿಸಿದೆ. ನೋಡಿದಳು. "ಅವ್ವನ ಮೂಗು" ಅಂದಳು. ಆಮೇಲೆ ಚಳಿ ಅಂದಳು, ಕೌದಿ ಹೊದಿಸಿದೆ. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಅವಳ ಕೈ ಸುಮ್ಮನಾಯಿತು. ಡಾಕ್ಟರು ಹಾಸಿಗೆಯ ಕಬ್ಬಿಣ ಹಿಡಿದು ನಿಂತಲ್ಲೇ ನಿಂತರು.

ಜೀಪು ಬಂದಾಗ ಅವ್ವನ ಅಳು ಇಂಗಿ ಬರೀ ಕೂಸಿನ ಅಳು ಉಳಿದಿತ್ತು. ಮಾಸೂರಿನವನು ನೆಟ್ಟಗೆ ನನ್ನ ಕೋಣೆಗೆ ಬಂದ. ಮೊಣಕಾಲವರೆಗೆ ಕೆಸರು ಒಣಗಿತ್ತು. ಯಾರನ್ನೂ ಏನೂ ಕೇಳದೆ ಸ್ಟೂಲಿನ ಮೇಲೆ ಕುಂತು, ಅಂಗಿಯ ತೋಳು ಮ್ಯಾಲೆ ಮಾಡಿ, ಕೈಯನ್ನು ಮೇಜಿನ ಮೇಲೆ ಚಾಚಿದ.

"ತಡಾ ಆತೇನ್ರಿ? ಗದ್ದ್ಯಾಗ ಇದ್ದೆ. ತೊಳಕೊಳ್ಳಾಕೂ ನಿಂದರಲಿಲ್ಲ."

ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಅವನ ಬೆರಳು ಚುಚ್ಚಿ, ಬಿಳಿಯ ಹೆಂಚಿನ ಮೇಲೆ ಹನಿ ಇಟ್ಟು, ಔಷಧಿ ಬೆರೆಸಿ ನೋಡಿದೆ. ಬಿ ನೆಗೆಟಿವ್. ಒಳ್ಳೆಯ, ಗಟ್ಟಿಯಾದ ರಕ್ತ.

"ತಗೋರಿ ಮತ್ತ" ಅಂದ.

"ಬ್ಯಾಡ ಯಣ್ಣಾ. ಹೋದಳು."

ಅವನು ನನ್ನನ್ನು ನೋಡಿದ, ನನ್ನ ಕಣ್ಣು ನೋಡಿ ನಿಮ್ಮ ಮನೆಯವರೇನು ಎಂದು ಕೇಳಲಿಲ್ಲ. ಕೈ ಮಾತ್ರ ಹಿಂದಕ್ಕೆ ತಗೊಳ್ಳಲಿಲ್ಲ. "ಬಂದೇನಲ್ಲಾ, ತಗದ ಇಟ್ಟುಕೊಳ್ರಿ. ನಾಳೆ ಮತ್ತ ಯಾವಾಕಿಗರ ಬೇಕಾಕ್ಕೈತಿ."

"ಇಡಾಕ ಬರಂಗಿಲ್ಲ. ಇಡೋವಂಥದು ಏನೂ ಇಲ್ಲ ನಮ್ಮಲ್ಲಿ."

ಅವನು ಮೇಜಿನ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯ ಕಡೆ ನೋಡಿದ. "ಇಷ್ಟು ದೊಡ್ಡ ಮಶಿನ್ ಐತಲ್ರೀ?"

"ಅದರಾಗ ಹೆಸರು ಅಷ್ಟ ಇದ್ದವು" ಅಂದೆ.

ಅವನು ಅಂಗಿಯ ತೋಳು ಇಳಿಸಿ, ಮಣಿಕಟ್ಟಿನ ಗುಂಡಿ ಹಾಕಿಕೊಂಡು, ಕೂಸಿನ ಅಳು ಬರುತ್ತಿದ್ದ ಕಡೆ ತಿರುಗಿ, "ಅದರ ರಕ್ತ ಯಾವುದಂತ ನೋಡೀರೇನ್ರಿ?" ಎಂದು ಕೇಳಿದ.

ನೋಡಿರಲಿಲ್ಲ. ಸೂಜಿ ತಗೊಂಡು ಒಳಗೆ ಹೋದೆ.